ಸ್ಪೋರ್ಟ್ಸ್ ಬೈಕ್ ಕೊಟ್ಟು ಸೆಕೆಂಡ್ ಹ್ಯಾಂಡ್ ಕ್ರೂಸರ್ ತಗೊಳ್ಳುವ ಮುಂಚೆ

ಕುಣಿಗಲ್ ದಾಟಿ ಬೆಳ್ಳೂರು ಕ್ರಾಸ್ ಹತ್ತಿರ ಬರುವಷ್ಟರಲ್ಲಿ ನನ್ನ ಎಡಗೈಯ ಕಿರುಬೆರಳು, ಉಂಗುರದ ಬೆರಳು ಎರಡೂ ಜೋಮು ಹಿಡಿದಿದ್ದವು. ಕ್ಲಚ್ ಎಷ್ಟು ಎಳೆದಿದ್ದೇನೆ ಎಂಬುದೇ ಕೈಗೆ ತಿಳಿಯುತ್ತಿರಲಿಲ್ಲ. ಬೆಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು 220 ಕಿಲೋಮೀಟರ್, ಇನ್ನೂ ಅರ್ಧ ದಾರಿ ಆಗಿರಲಿಲ್ಲ. ಟೀ ಕುಡಿಯಲು ನಿಲ್ಲಿಸಿದಾಗ ಪಕ್ಕದಲ್ಲಿ ಎರಡು ಮೀಟಿಯೋರ್, ಅಂದರೆ ರಾಯಲ್ ಎನ್‌ಫೀಲ್ಡಿನ ಕ್ರೂಸರ್, ನಿಂತಿದ್ದವು. ಅವುಗಳ ಮಾಲೀಕರು ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು. ಅವರು ಆರಾಮಾಗಿ ಕಾಲು ಚಾಚಿ ಹರಟುತ್ತಿದ್ದರು. ನಾನು ಬೆರಳು ಮಡಚಿ ಬಿಚ್ಚಿ ರಕ್ತ ಓಡಿಸುತ್ತಿದ್ದೆ.

ಊರು ತಲುಪುವಷ್ಟರಲ್ಲಿ ನನ್ನ ಯಮಹಾ ಆರ್15 ಸ್ಪೋರ್ಟ್ಸ್ ಬೈಕ್ ಮಾರಿ, ಕಾಲು ಮುಂದಿಟ್ಟು ನೆಟ್ಟಗೆ ಕೂರುವ ಕ್ರೂಸರ್ ತಗೊಳ್ಳುವುದೆಂದು ಮನಸ್ಸಿನಲ್ಲಿ ನಿಶ್ಚಯವಾಗಿತ್ತು. ನಿಜವಾಗಿ ಗಾಡಿ ಬದಲಾಗಿದ್ದು ನಾಲ್ಕು ತಿಂಗಳ ಮೇಲೆ. ಆ ನಾಲ್ಕು ತಿಂಗಳು ಕಾದಿದ್ದಕ್ಕೆ ನನಗೆ ಇಂದಿಗೂ ಸಮಾಧಾನವಿದೆ. ಅಂದು ಸಂಜೆಯೇ ಮಾರಿದ್ದರೆ ತಪ್ಪು ಗಾಡಿಯನ್ನು, ತಪ್ಪು ಬೆಲೆಗೆ, ತಪ್ಪು ಕಾರಣಕ್ಕೆ ತಗೊಂಡಿರುತ್ತಿದ್ದೆ. ಇದೇ ಯೋಚನೆಯಲ್ಲಿರುವವರಿಗೆ ಉಪಯೋಗವಾಗಲಿ ಎಂದು ನಾನು ಮಾಡಿದ್ದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಕಳೆದ ಆರು ತಿಂಗಳ ಓಡಾಟ ಬರೆಯಿರಿ

ಒಂದು ಹಾಳೆ ತಗೊಂಡು ಮೂರು ಸಾಲು ಹಾಕಿ. ಆಫೀಸು, ಮಾರ್ಕೆಟ್, ಮನೆ ಎಂದು ಊರೊಳಗೆ ಓಡಿಸಿದ್ದೆಷ್ಟು? ಹೈವೇಯಲ್ಲಿ ಒಮ್ಮೆಗೆ 100 ಕಿಲೋಮೀಟರ್‌ಗಿಂತ ಹೆಚ್ಚು ಓಡಿಸಿದ್ದೆಷ್ಟು ಸಲ? ಹಿಂದೆ ಯಾರನ್ನಾದರೂ ಕೂರಿಸಿಕೊಂಡಿದ್ದೆಷ್ಟು ಸಲ? ನೆನಪಿನಿಂದ ಬರೆದರೆ ಸಾಲದು, ಪೆಟ್ರೋಲ್ ಹಾಕಿಸಿದ ಪೇಮೆಂಟ್‌ಗಳನ್ನು ಫೋನಿನಲ್ಲಿ ಹಿಂದಕ್ಕೆ ಹೋಗಿ ನೋಡಿ. ನನ್ನ ನೆನಪಿನಲ್ಲಿ ನಾನು ತಿಂಗಳಿಗೊಮ್ಮೆ ಊರಿಗೆ ಬೈಕಿನಲ್ಲೇ ಹೋಗುತ್ತಿದ್ದೆ. ಲೆಕ್ಕ ತೆಗೆದರೆ ಆರು ತಿಂಗಳಲ್ಲಿ ಎರಡೇ ಸಲ ಹೋಗಿದ್ದೆ, ಉಳಿದ ಸಲವೆಲ್ಲ ಕೆಎಸ್ಸಾರ್ಟಿಸಿ ಬಸ್ಸು.

ಇದು ಯಾಕೆ ಮುಖ್ಯ ಎಂದರೆ, ಕ್ರೂಸರ್ ಕೊಳ್ಳುವ ಆಸೆ ಬಹುತೇಕ ಹೈವೇಯ ಕನಸಿನಿಂದ ಹುಟ್ಟುತ್ತದೆ. ಆದರೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವೇ ಇಲ್ಲ. ಮೈಸೂರಿಗೆ ಹೋಗಬೇಕಾದರೆ ಸರ್ವಿಸ್ ರೋಡು, ಅದರ ಹಂಪುಗಳು, ಎದುರಿನಿಂದ ಬರುವ ಗಾಡಿಗಳು. ನಿಮ್ಮ ಹಾಳೆಯಲ್ಲಿ ಊರೊಳಗಿನ ಓಡಾಟವೇ ಮುಕ್ಕಾಲು ಪಾಲು ಇದ್ದರೆ, ನೀವು ಗಾಡಿ ಆರಿಸಬೇಕಾದದ್ದು ಸಿಲ್ಕ್ ಬೋರ್ಡ್ ಸಿಗ್ನಲ್‌ಗೆ, ಶಿರಾಡಿ ಘಾಟಿಗೆ ಅಲ್ಲ.

ಮೂರನೇ ಸಾಲನ್ನು ಹಗುರವಾಗಿ ನೋಡಬೇಡಿ. ನನ್ನ ಪಾಲಿಗೆ ತೀರ್ಮಾನ ಮಾಡಿಸಿದ್ದು ಅದೇ. ಆರ್15ರ ಹಿಂದಿನ ಸೀಟು ಎತ್ತರ, ಗೇಣಗಲ, ಹಿಡಿದುಕೊಳ್ಳಲು ಏನೂ ಇಲ್ಲ. ಅಮ್ಮ ಎರಡು ಸಲ ಕೂತು, ಮೂರನೇ ಸಲ "ಬೇಡ ಮಗ, ನಾನು ಆಟೋದಲ್ಲಿ ಬರ್ತೀನಿ, ನೀನು ಮುಂದೆ ಹೋಗು" ಎಂದುಬಿಟ್ಟರು. ನಾನು ಗಾಡಿಯಲ್ಲಿ ಮುಂದೆ, ಅಮ್ಮ ಆಟೋದಲ್ಲಿ ಹಿಂದೆ. ಆಸ್ಪತ್ರೆಗೆ ಹಾಗೆ ಹೋದ ದಿನ ನನಗೆ ನಿಜಕ್ಕೂ ಬೇಸರವಾಯಿತು.

ಎರಡನೇ ಹೆಜ್ಜೆ: ನೋವು ಎಲ್ಲಿದೆ ಎಂದು ಗುರುತಿಸಿ, ಸಣ್ಣ ಖರ್ಚಿನಲ್ಲಿ ಹೋಗುತ್ತದಾ ನೋಡಿ

ಮಣಿಕಟ್ಟು, ಬೆರಳು, ಕುತ್ತಿಗೆ, ಸೊಂಟ: ಎಲ್ಲಿ ನೋವು, ಎಷ್ಟು ಕಿಲೋಮೀಟರ್ ಆದ ಮೇಲೆ ಶುರು ಎಂದು ಗಮನಿಸಿ. ಸ್ಪೋರ್ಟ್ಸ್ ಬೈಕಿನಲ್ಲಿ ಹ್ಯಾಂಡಲ್ ತಗ್ಗು, ಫುಟ್‌ರೆಸ್ಟ್ ಹಿಂದೆ. ಮೈಭಾರದ ಒಂದು ಪಾಲು ಅಂಗೈ ಮೇಲೆ ಬೀಳುತ್ತದೆ. ವೇಗವಾಗಿ ಹೋಗುವಾಗ ಎದುರುಗಾಳಿ ಎದೆಯನ್ನು ಎತ್ತಿ ಹಿಡಿಯುತ್ತದೆ, ಹಾಗಾಗಿ ಕೈ ಹಗುರ. ಟ್ರಾಫಿಕ್ಕಿನಲ್ಲಿ ಆ ಗಾಳಿಯೂ ಇಲ್ಲ, ಪೂರ್ತಿ ಭಾರ ಮಣಿಕಟ್ಟಿಗೇ. ಸ್ಪೋರ್ಟ್ಸ್ ಬೈಕು ಹೈವೇಗಿಂತ ಊರೊಳಗೆ ಹೆಚ್ಚು ನೋಯಿಸುವುದು ಅದಕ್ಕೇ.

ಮೊಣಕಾಲಿನಿಂದ ಟ್ಯಾಂಕನ್ನು ಗಟ್ಟಿಯಾಗಿ ಹಿಡಿದು, ಹೊಟ್ಟೆಯ ಸ್ನಾಯು ಬಿಗಿಮಾಡಿ ಓಡಿಸಿದರೆ ಕೈ ಮೇಲಿನ ಭಾರ ಬಹಳಷ್ಟು ಇಳಿಯುತ್ತದೆ. ಟ್ಯಾಂಕಿನ ಎರಡೂ ಬದಿಗೆ ಅಂಟಿಸುವ ರಬ್ಬರ್ ಪ್ಯಾಡು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕ್ಲಚ್, ಬ್ರೇಕ್ ಲಿವರ್‌ಗಳನ್ನು ಸ್ವಲ್ಪ ಕೆಳಕ್ಕೆ ತಿರುಗಿಸಿದರೆ ಮಣಿಕಟ್ಟು ನೇರವಾಗುತ್ತದೆ, ಇದಕ್ಕೆ ಖರ್ಚೇ ಇಲ್ಲ. ಒಂದು ತಿಂಗಳು ಹೀಗೆ ಓಡಿಸಿ ನೋಡಿ. ನನಗೆ ಜೋಮು ಬರುವ ದೂರ 90 ಕಿಲೋಮೀಟರಿನಿಂದ 150ಕ್ಕೆ ಹೋಯಿತು. ಅಷ್ಟೇ ಸಾಕಿದ್ದರೆ ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆ.

ನೋವು ಸೊಂಟದಿಂದ ಕಾಲಿನೊಳಗೆ ಇಳಿಯುತ್ತಿದ್ದರೆ, ಅಥವಾ ಗಾಡಿ ಇಳಿದು ಗಂಟೆಗಟ್ಟಲೆ ಆದರೂ ಬೆರಳ ಜೋಮು ಬಿಡದಿದ್ದರೆ ಮೊದಲು ಮೂಳೆ ವೈದ್ಯರನ್ನು ನೋಡಿ. ಅದನ್ನು ಯಾವ ಗಾಡಿಯೂ ವಾಸಿ ಮಾಡುವುದಿಲ್ಲ.

ಮೂರನೇ ಹೆಜ್ಜೆ: ನಿಮ್ಮದೇ ದಾರಿಯಲ್ಲಿ ಎರಡು ಗಂಟೆ ಕ್ರೂಸರ್ ಓಡಿಸಿ

ಎಲ್ಲ ಹೆಜ್ಜೆಗಳಲ್ಲಿ ಇದೇ ದೊಡ್ಡದು. ಶೋರೂಮಿನವರು ಕೊಡುವ ಹತ್ತು ನಿಮಿಷದ ಟೆಸ್ಟ್ ರೈಡ್‌ನಲ್ಲಿ ಎಲ್ಲ ಕ್ರೂಸರೂ ಸೋಫಾದ ಹಾಗೇ ಇರುತ್ತದೆ. ಸ್ನೇಹಿತರ ಗಾಡಿ ಕೇಳಿ, ಇಲ್ಲದಿದ್ದರೆ ದಿನಬಾಡಿಗೆಗೆ ತಗೊಳ್ಳಿ. ನಿಮ್ಮ ದಿನನಿತ್ಯದ ದಾರಿಯಲ್ಲಿ, ನಿಮ್ಮ ಹಂಪುಗಳ ಮೇಲೆ, ಎರಡು ಗಂಟೆ ಬಿಡದೆ ಓಡಿಸಿ.

ನನಗೆ ಆದದ್ದು ಹೇಳುತ್ತೇನೆ. ಸ್ನೇಹಿತನ ಮೀಟಿಯೋರ್ ತಗೊಂಡು ನೆಲಮಂಗಲದ ಕಡೆ ಹೊರಟೆ. ಮೊದಲ ಅರ್ಧ ಗಂಟೆ ಸ್ವರ್ಗ. ಕೈಯಲ್ಲಿ ಭಾರವಿಲ್ಲ, ಕುತ್ತಿಗೆ ನೆಟ್ಟಗೆ, 27 ನ್ಯೂಟನ್ ಮೀಟರ್ ಟಾರ್ಕ್ (ಎಳೆತ) 4,000 ಆರ್‌ಪಿಎಂನಲ್ಲೇ (ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗಲೇ) ಸಿಗುವುದರಿಂದ ಗೇರ್ ಬದಲಿಸುವ ಗೋಜೇ ಕಡಿಮೆ. ಆಮೇಲೆ ಡಾಂಬರು ಕಿತ್ತುಹೋದ ಒಂದು ಗುಂಡಿ ಬಂತು. ಆರ್15ರಲ್ಲಿ ಗುಂಡಿ ಕಂಡ ತಕ್ಷಣ ಪಾದದ ಮೇಲೆ ಭಾರ ಹಾಕಿ ಪೃಷ್ಠವನ್ನು ಒಂದಿಂಚು ಎತ್ತುತ್ತೇವೆ, ಅದು ಯೋಚಿಸದೆ ಆಗುವ ಕೆಲಸ. ಕ್ರೂಸರಿನಲ್ಲಿ ಪಾದ ಮುಂದಿರುತ್ತದೆ. ಎದ್ದು ನಿಲ್ಲಲು ಕಾಲ ಕೆಳಗೆ ಆಧಾರವೇ ಇಲ್ಲ. ಗುಂಡಿಯ ಪೆಟ್ಟು ಹಿಂದಿನ ಶಾಕ್ ಅಬ್ಸಾರ್ಬರ್ ದಾಟಿ ನೇರ ಬಾಲಮೂಳೆಗೆ ಬಂತು, ಹಲ್ಲು ಹಲ್ಲಿಗೆ ಬಡಿಯಿತು.

ಸ್ಪೋರ್ಟ್ಸ್ ಬೈಕಿನಿಂದ ಕ್ರೂಸರಿಗೆ ಬಂದರೆ ನೋವು ಹೋಗುವುದಿಲ್ಲ, ಜಾಗ ಬದಲಿಸುತ್ತದೆ. ನುಣುಪಾದ ರಸ್ತೆಯಲ್ಲಿ ಕ್ರೂಸರಿನಷ್ಟು ಸುಖ ಬೇರೆ ಗಾಡಿಯಲ್ಲಿಲ್ಲ. ಹಳ್ಳಿಗೊಂದು ಹಂಪಿರುವ ನಮ್ಮ ದಾರಿಗಳಲ್ಲಿ ಕೈಯ ನೋವು ಸೊಂಟದ ಬುಡಕ್ಕೆ ಇಳಿಯಬಹುದು. ಮಣಿಕಟ್ಟು ದುರ್ಬಲ, ಬೆನ್ನು ಗಟ್ಟಿ ಎಂದಿರುವವರಿಗೆ ಇದು ಒಳ್ಳೆಯ ವ್ಯಾಪಾರ. ಬೆನ್ನಿನ ಡಿಸ್ಕ್ ತೊಂದರೆ ಈಗಾಗಲೇ ಇರುವವರಿಗೆ ಕೆಟ್ಟ ವ್ಯಾಪಾರ. ಅಂಥವರು ಕ್ರೂಸರ್ ಬಿಟ್ಟು, ನೆಟ್ಟಗೆ ಕೂತು ಪಾದ ಸೊಂಟದ ಕೆಳಗೇ ಬರುವ ಗಾಡಿಗಳನ್ನು ನೋಡಬೇಕು. ಕ್ಲಾಸಿಕ್ 350, ಹಿಮಾಲಯನ್ ಆ ಜಾತಿಯವು. ಆರ್15ರ ಎಂಜಿನ್ನೇ ಇಷ್ಟ ಎನ್ನುವವರಿಗೆ ಅದೇ ಎಂಜಿನ್ನಿನ ಎಂಟಿ-15 ಇದೆ.

ಆ ಎರಡು ಗಂಟೆಯಲ್ಲಿ ಇನ್ನೂ ಮೂರು ಕೆಲಸ ಮಾಡಿ. ಹಿಂದೆ ಕೂರಬೇಕಾದವರನ್ನು ಕೂರಿಸಿಕೊಂಡು ಐದು ಕಿಲೋಮೀಟರ್ ಹೋಗಿ. 80ರಲ್ಲಿ ಹೋಗುತ್ತಾ ಒಂದು ಬಸ್ಸನ್ನು ಹಿಂದೆ ಹಾಕಲು ಎಷ್ಟು ಜಾಗ ಬೇಕೆಂದು ನೋಡಿ, ಸ್ಪೋರ್ಟ್ಸ್ ಬೈಕಿನ ಅಂದಾಜು ಇಲ್ಲಿ ನಡೆಯುವುದಿಲ್ಲ. ಕೊನೆಗೆ ನಿಮ್ಮ ಮನೆಯ ಪಾರ್ಕಿಂಗ್‌ನಿಂದ ಎಂಜಿನ್ ಆಫ್ ಮಾಡಿ ಹಿಂದಕ್ಕೆ ತಳ್ಳಿ. ನಮ್ಮ ಬಿಲ್ಡಿಂಗಿನ ಪಾರ್ಕಿಂಗ್ ಒಳಗಿನ ಕಡೆಗೆ ಇಳಿಜಾರು. ಆರ್15 ಅನ್ನು ಒಂದು ಕೈಯಲ್ಲಿ ಎಳೆದು ತರುತ್ತಿದ್ದೆ, ಮೀಟಿಯೋರ್ ತರಲು ವಾಚ್‌ಮನ್ ಅಣ್ಣನನ್ನು ಕರೆಯಬೇಕಾಯಿತು. ಈಗ ರಾತ್ರಿ ಬಂದಾಗಲೇ ತಿರುಗಿಸಿ ನಿಲ್ಲಿಸುತ್ತೇನೆ.

ನಾಲ್ಕನೇ ಹೆಜ್ಜೆ: ಯಾವ ಕ್ರೂಸರ್?

ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಬದಲಾವಣೆಯ ಸ್ವರೂಪ ಕಾಣುತ್ತದೆ. ನನ್ನದು ಬಿಎಸ್6 ಹೊಗೆ ನಿಯಮ ಬಂದ ಮೇಲಿನ ಆರ್15 ವಿ3: 155 ಸಿಸಿ, 10,000 ಆರ್‌ಪಿಎಂನಲ್ಲಿ 18.6 ಪಿಎಸ್ ಶಕ್ತಿ, ಟಾರ್ಕ್ 14.1, ತೂಕ 142 ಕೆಜಿ, ಸೀಟಿನ ಎತ್ತರ 815 ಮಿಲಿಮೀಟರ್. ಮೀಟಿಯೋರ್ 350: 349 ಸಿಸಿ, 6,100 ಆರ್‌ಪಿಎಂನಲ್ಲಿ 20.4 ಪಿಎಸ್, ಟಾರ್ಕ್ 27, ತೂಕ 191 ಕೆಜಿ, ಸೀಟು 765 ಮಿಲಿಮೀಟರ್. ಸಿಸಿ ಎರಡರಷ್ಟಕ್ಕಿಂತ ಹೆಚ್ಚು, ಶಕ್ತಿ ಹೆಚ್ಚುಕಡಿಮೆ ಅಷ್ಟೇ, ಎಳೆತ ಸುಮಾರು ಎರಡರಷ್ಟು. ಜೊತೆಗೆ 49 ಕೆಜಿ ಹೆಚ್ಚು ಭಾರ, ಅಂದರೆ ಒಂದು ಮೂಟೆ ಸಿಮೆಂಟನ್ನು ಸದಾ ಹೊತ್ತುಕೊಂಡು ಹೋದ ಹಾಗೆ. "350 ಸಿಸಿ ಅಂದ್ರೆ ಪಿಕಪ್ ಜಾಸ್ತಿ" ಎಂದುಕೊಂಡು ಬಂದವರಿಗೆ ನಿರಾಸೆ ಖಚಿತ. ಘಾಟಿಯಲ್ಲಿ ಟ್ಯಾಂಕರ್ ಹಿಂದೆ ನಿಧಾನಕ್ಕೆ ಹತ್ತುವಾಗ ಗೇರ್ ಇಳಿಸದೆ ಎಳೆಯುತ್ತದಲ್ಲ, ಆ ಸುಖಕ್ಕಾಗಿ ಇದನ್ನು ಕೊಳ್ಳಬೇಕು.

ಸೆಕೆಂಡ್ ಹ್ಯಾಂಡ್‌ನಲ್ಲಿ ಸುಲಭವಾಗಿ ಸಿಗುವವು ನಾಲ್ಕು. ಬಜಾಜ್ ಅವೆಂಜರ್ 220 ಕ್ರೂಸ್ 163 ಕೆಜಿ, ಸೀಟು 737 ಮಿಲಿಮೀಟರ್. ಕುಳ್ಳಗಿರುವವರಿಗೆ, ಭಾರ ಬೇಡ ಎನ್ನುವವರಿಗೆ, ಕಡಿಮೆ ಬಜೆಟ್ಟಿಗೆ ನನ್ನ ಮೊದಲ ಸಲಹೆ ಇದೇ. ಜನ ಇದನ್ನು ಹಳೇ ಗಾಡಿ ಎಂದು ಬದಿಗಿಡುವುದು ಸರಿಯಲ್ಲ. ಥಂಡರ್‌ಬರ್ಡ್ 350ಯ 20 ಲೀಟರ್ ಟ್ಯಾಂಕ್ ದೂರದ ಓಡಾಟಕ್ಕೆ ವರ, ಆದರೆ 2020ಕ್ಕೇ ನಿಂತಿತು, ಹಾಗಾಗಿ ಸಿಗುವುದೆಲ್ಲ ಹಳೆಯದೇ. 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಗಾಡಿಗಳಿಗೆ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಅದಕ್ಕಿಂತ ಹಿಂದಿನದಾದರೆ ಎಬಿಎಸ್ ಇದೆಯೇ ಎಂದು ಕಣ್ಣಾರೆ ನೋಡಿ. ಸ್ಪೋರ್ಟ್ಸ್ ಬೈಕಿನ ಎಬಿಎಸ್‌ಗೆ ಒಗ್ಗಿದ ಕೈಗೆ, ಮಳೆಯಲ್ಲಿ, ಎಬಿಎಸ್ ಇಲ್ಲದ ಭಾರದ ಗಾಡಿ ಅಪಾಯ. ಮೀಟಿಯೋರ್ 350 ಬಂದದ್ದು 2020ರ ನವೆಂಬರ್‌ನಲ್ಲಿ. ಸೂಪರ್ ಮೀಟಿಯೋರ್ 650 ಚೆಂದದ ಗಾಡಿ, 241 ಕೆಜಿ. ಊರೊಳಗೆ ದಿನಾ ಓಡಿಸುವವರಿಗೆ ನಾನು ಹೇಳುವುದಿಲ್ಲ.

ಐದನೇ ಹೆಜ್ಜೆ: ಲೆಕ್ಕ

ನನ್ನ ಆರ್15ಗೆ ಒಂದು ಲಕ್ಷದ ಐದು ಸಾವಿರ ಬಂತು, 2021ರ ಮೀಟಿಯೋರ್‌ಗೆ ಒಂದು ಲಕ್ಷದ ನಲವತ್ತೆರಡು ಸಾವಿರ ಕೊಟ್ಟೆ. ಮೂವತ್ತೇಳು ಸಾವಿರದಲ್ಲಿ ಮುಗಿಯಿತು ಎಂದುಕೊಂಡಿದ್ದೆ. ಎರಡು ಟೈರು, ಚೈನ್ ಸ್ಪ್ರಾಕೆಟ್ (ಚೈನು, ಅದರ ಹಲ್ಲುಚಕ್ರ), ಪೂರ್ತಿ ಸರ್ವಿಸ್, ಹೆಸರು ವರ್ಗಾವಣೆ, ಇನ್ಶೂರೆನ್ಸ್ ಎಲ್ಲ ಸೇರಿ ಇನ್ನೂ ಹದಿನೇಳು ಸಾವಿರ ಹೋಯಿತು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಇಂಥದ್ದಕ್ಕೆ ಇಪ್ಪತ್ತು ಸಾವಿರ ಬದಿಗಿಟ್ಟೇ ಚೌಕಾಸಿಗೆ ಕೂರಿ.

ಪೆಟ್ರೋಲ್: ಆರ್15 ನನಗೆ ಲೀಟರಿಗೆ 45 ಕೊಡುತ್ತಿತ್ತು, ಮೀಟಿಯೋರ್ 34 ಕೊಡುತ್ತಿದೆ. ತಿಂಗಳಿಗೆ 800 ಕಿಲೋಮೀಟರ್ ಎಂದರೆ ಸುಮಾರು ಆರು ಲೀಟರ್ ಹೆಚ್ಚು. ಇನ್ಶೂರೆನ್ಸಿನಲ್ಲಿ ಒಂದು ಸಮಾಧಾನವಿದೆ. 2022ರ ಜೂನ್ 1ರಂದು ಜಾರಿಗೆ ಬಂದ ಥರ್ಡ್ ಪಾರ್ಟಿ ದರಪಟ್ಟಿಯಲ್ಲಿ 150ರಿಂದ 350 ಸಿಸಿ ತನಕ ಒಂದೇ ದರ, 1,366 ರೂಪಾಯಿ. 155 ಸಿಸಿಯ ಆರ್15, 349 ಸಿಸಿಯ ಮೀಟಿಯೋರ್ ಎರಡೂ ಅದರೊಳಗೇ ಬರುತ್ತವೆ. 350 ದಾಟಿದರೆ 2,804.

ಬೆಲೆ ಮಾತಾಡುವಾಗ ಮರೆಯಬಾರದ ಸಂಗತಿ 2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ಬದಲಾವಣೆ. 350 ಸಿಸಿ ತನಕದ ಹೊಸ ಬೈಕಿಗೆ ತೆರಿಗೆ ಶೇ. 28ರಿಂದ 18ಕ್ಕೆ ಇಳಿಯಿತು, ಅದಕ್ಕಿಂತ ದೊಡ್ಡದಕ್ಕೆ ಶೇ. 40 ಆಯಿತು. ಹೊಸ 350 ಗಾಡಿಯೇ ಅಗ್ಗವಾದ ಮೇಲೆ ಹಳೆಯದರ ಬೆಲೆ ಇಳಿಯಲೇಬೇಕು. ಮಾರುವವರು ತಾವು ಕೊಟ್ಟ ಹಳೇ ಆನ್‌ರೋಡ್ ಬೆಲೆ ಇಟ್ಟುಕೊಂಡು ಮಾತಾಡುತ್ತಾರೆ. ನೀವು ಇಂದಿನ ಶೋರೂಮ್ ಕೊಟೇಶನ್ ಹಿಡಿದುಕೊಂಡು ಹೋಗಿ. ನಾನು ಆ ಒಂದು ಹಾಳೆ ತೋರಿಸಿ ಎಂಟು ಸಾವಿರ ಇಳಿಸಿದೆ.

ನಿಮ್ಮ ಸ್ಪೋರ್ಟ್ಸ್ ಬೈಕನ್ನು ಎಕ್ಸ್‌ಚೇಂಜ್‌ಗೆ ಕೊಟ್ಟರೆ ಕಡಿಮೆ ಸಿಗುತ್ತದೆ, ನೇರ ಮಾರಿದರೆ ಹೆಚ್ಚು. ನೇರ ಮಾರುವುದಾದರೆ ಕಂಪನಿ ಸೈಲೆನ್ಸರ್, ಕನ್ನಡಿ, ನಂಬರ್ ಪ್ಲೇಟ್ ಹೋಲ್ಡರ್ ಮೊದಲಿನಂತೆ ಹಾಕಿ. ಹೊರಗಿನ ಸೈಲೆನ್ಸರ್ ಹಾಕಿದ ಗಾಡಿಯನ್ನು ಪೊಲೀಸರು ಹಿಡಿಯುತ್ತಾರೆಂದು ಕೊಳ್ಳುವವರಿಗೂ ಗೊತ್ತು.

ಆರನೇ ಹೆಜ್ಜೆ: ಗಾಡಿ ನೋಡುವುದು

ಬೆಳಿಗ್ಗೆ ಹೋಗಿ, ಬಿಸಿಲಿನಲ್ಲಿ ನೋಡಿ. "ನಾನು ಬರೋವರೆಗೂ ಸ್ಟಾರ್ಟ್ ಮಾಡಬೇಡಿ" ಎಂದು ಹಿಂದಿನ ರಾತ್ರಿಯೇ ಹೇಳಿ. ನಾನು ಮೊದಲು ನೋಡಲು ಹೋದ ಗಾಡಿಯ ಎಂಜಿನ್ ಮೇಲೆ ಕೈಯಿಟ್ಟರೆ ಬೆಚ್ಚಗಿತ್ತು. ಜೊತೆಗೆ ಬಂದಿದ್ದ ನಮ್ಮ ಮೆಕ್ಯಾನಿಕ್ ಅಣ್ಣ ನನ್ನ ಕಿವಿಯಲ್ಲಿ ಹೇಳಿದರು: "ಸಾರ್, ಬಿಸಿ ಮಾಡಿ ಇಟ್ಟವ್ರೆ. ತಣ್ಣಗಿದ್ದಾಗ ಏನೋ ಶಬ್ದ ಬರ್ತದೆ ಇದ್ರಲ್ಲಿ. ನಡೀರಿ, ಹೋಗಣ."

ಎರಡನೇ ಗಾಡಿಯನ್ನು ಅವರು ನೋಡಿದ ಕ್ರಮವನ್ನು ಹಾಗೇ ಹೇಳುತ್ತೇನೆ. ಮೊದಲು ಗಾಡಿಯನ್ನು ಮುಟ್ಟಲೇ ಇಲ್ಲ. ಹಿಂದೆ ಹತ್ತು ಹೆಜ್ಜೆ ದೂರ ಕುಕ್ಕರಗಾಲಲ್ಲಿ ಕೂತು ಎರಡೂ ಚಕ್ರ ಒಂದೇ ಗೆರೆಯಲ್ಲಿವೆಯೇ ಎಂದು ನೋಡಿದರು. ಆಮೇಲೆ ಲೆಗ್ ಗಾರ್ಡ್, ಫುಟ್‌ರೆಸ್ಟ್ ತುದಿ, ಹ್ಯಾಂಡಲ್ ತುದಿ, ಸೈಲೆನ್ಸರಿನ ಕೆಳಭಾಗ ಬೆರಳಿಂದ ಸವರಿದರು. ನಿಂತಲ್ಲೇ ಬಿದ್ದ ಗಾಡಿಯಲ್ಲಿ ಗೀರು ಒಂದು ಕಡೆ, ಚಿಕ್ಕದು. ಓಡುತ್ತಾ ಬಿದ್ದದ್ದಾದರೆ ಗೀರು ಉದ್ದಕ್ಕೆ, ಹಿಂದಕ್ಕೆ ಎಳೆದ ಹಾಗೆ. ಹ್ಯಾಂಡಲನ್ನು ಪೂರ್ತಿ ಎರಡೂ ಕಡೆ ತಿರುಗಿಸಿದರು. ನಡುವೆ ಎಲ್ಲಾದರೂ ಕಚ್ಚಿದ ಹಾಗಾದರೆ ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ ಎಂದರ್ಥ. ಮುಂದಿನ ಫೋರ್ಕಿನ ಹೊಳೆಯುವ ಪೈಪಿನ ಮೇಲೆ ಎಣ್ಣೆಯ ಉಂಗುರ ಇದ್ದರೆ ಆಯಿಲ್ ಸೀಲ್ ಸೋರುತ್ತಿದೆ. ಹಿಂದಿನ ಸ್ಪ್ರಾಕೆಟ್ ಮೇಲಿನ ಚೈನನ್ನು ಹಿಂದಕ್ಕೆ ಎಳೆದರು. ಹಲ್ಲಿನಿಂದ ಚೈನ್ ಎದ್ದು ಅರ್ಧ ಹಲ್ಲು ಕಂಡರೆ ಹೊಸ ಸೆಟ್ ಬೇಕು. ನಮ್ಮದರಲ್ಲಿ ಕಂಡಿತು, ಅದಕ್ಕೆ ಬೆಲೆಯಲ್ಲಿ ನಾಲ್ಕು ಸಾವಿರ ಹಿಡಿದೆವು.

ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತಿರುತ್ತದೆ. 2221 ಎಂದರೆ 2021ರ 22ನೇ ವಾರ ತಯಾರಾದದ್ದು. ಗಾಡಿಯಷ್ಟೇ ಹಳೆಯ ಟೈರಾದರೆ, ಮೇಲೆ ಎಷ್ಟೇ ಆಳದ ಗೆರೆ ಉಳಿದಿದ್ದರೂ, ರಬ್ಬರ್ ಗಟ್ಟಿಯಾಗಿರುತ್ತದೆ. ಮಳೆಯಲ್ಲಿ ಹಿಡಿತ ಸಿಗುವುದಿಲ್ಲ. ಮೀಟರಿನಲ್ಲಿರುವ ಕಿಲೋಮೀಟರನ್ನು ನಂಬಬೇಡಿ. ಬ್ರೇಕ್ ಡಿಸ್ಕಿನ ಅಂಚಿನಲ್ಲಿ ಏಣು ಎದ್ದಿದೆಯೇ, ಫುಟ್‌ರೆಸ್ಟ್ ರಬ್ಬರ್ ಸವೆದಿದೆಯೇ ನೋಡಿ, ಸರ್ವಿಸ್ ಸೆಂಟರಿನ ದಾಖಲೆಯಲ್ಲಿರುವ ಕಿಲೋಮೀಟರ್ ಕೇಳಿ. ಮಂಗಳೂರು, ಉಡುಪಿ ಕಡೆಯ ಗಾಡಿಯಾದರೆ ಟ್ಯಾಂಕಿನ ಕೆಳಭಾಗ, ಸೈಲೆನ್ಸರಿನ ಬೆಂಡ್ ಪೈಪ್, ಬೋಲ್ಟುಗಳ ತಲೆ ತುಕ್ಕಿಗೆ ನೋಡಿ. ಉಪ್ಪುಗಾಳಿ ಮೊದಲು ತಿನ್ನುವುದು ಅಲ್ಲೇ.

2020ರ ಡಿಸೆಂಬರಿನಿಂದ 2021ರ ಏಪ್ರಿಲ್ ನಡುವೆ ತಯಾರಾದ ಕೆಲವು ಮೀಟಿಯೋರ್, ಕ್ಲಾಸಿಕ್, ಬುಲೆಟ್‌ಗಳನ್ನು ಇಗ್ನಿಷನ್ ಕಾಯಿಲ್ ದೋಷಕ್ಕಾಗಿ ಕಂಪನಿ 2021ರ ಮೇ ತಿಂಗಳಲ್ಲಿ ವಾಪಸು ಕರೆದಿತ್ತು. ಆ ಕಾಲದ್ದಾದರೆ ಚಾಸಿ ನಂಬರ್ ಕೊಟ್ಟು ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿ. ಇನ್ನೊಂದು, ಶೇ. 20 ಎಥೆನಾಲ್ ಪೆಟ್ರೋಲ್ ಈಗ ಬಂಕುಗಳಲ್ಲಿ ಸಾಮಾನ್ಯ. 2023ರ ಏಪ್ರಿಲ್‌ಗಿಂತ ಹಳೆಯ ಗಾಡಿಯಲ್ಲಿ ಪೆಟ್ರೋಲ್ ಪೈಪಿನ ರಬ್ಬರ್ ಬಿರಿದಿದೆಯೇ ಎಂದು ನೋಡಿ.

ಏಳನೇ ಹೆಜ್ಜೆ: ಕಾಗದಪತ್ರ, ಎರಡೂ ಗಾಡಿಗಳದ್ದು

ಕೊಳ್ಳುವ ಗಾಡಿಯ ನಂಬರನ್ನು ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ: ಎಷ್ಟನೇ ಮಾಲೀಕರು, ಎಚ್‌ಪಿ (ಸಾಲಕ್ಕೆ ಗಾಡಿ ಬ್ಯಾಂಕಿಗೆ ಒತ್ತೆಯಿರುವ ನಮೂದು) ಇದೆಯೇ, ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ, ಎಲ್ಲ ಕಾಣುತ್ತದೆ. ಬಾಕಿ ಟ್ರಾಫಿಕ್ ದಂಡವನ್ನೂ ನೋಡಿ, ಹಣ ಕೊಡುವ ಮುಂಚೆ ಅವರಿಂದಲೇ ಕಟ್ಟಿಸಿ. ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಆರ್‌ಸಿ ಜೊತೆ ಅಂಕಿ ಅಂಕಿ ತಾಳೆ ನೋಡಿ. ಎಚ್‌ಪಿ ಇದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ), ಆ ಒತ್ತೆ ತೆಗೆಸುವ ಫಾರಂ 35 ಕೈಗೆ ಬರುವ ತನಕ ಟೋಕನ್ ಅಡ್ವಾನ್ಸ್‌ಗಿಂತ ಹೆಚ್ಚು ಕೊಡಬೇಡಿ. ಹೊರರಾಜ್ಯದ ಗಾಡಿ ಅಗ್ಗ ಕಂಡರೆ ಫಾರಂ 28ರ ಎನ್‌ಒಸಿ, ಆಮೇಲೆ ಇಲ್ಲಿ ಕಟ್ಟಬೇಕಾದ ಲೈಫ್ ಟ್ಯಾಕ್ಸ್ ಎರಡನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ನಾನು ಕೆಎ ನಂಬರ್ ಬಿಟ್ಟು ಬೇರೆ ನೋಡಲಿಲ್ಲ.

ಜನ ಹೆಚ್ಚು ಎಡವುವುದು ಕೊಳ್ಳುವಲ್ಲಿ ಅಲ್ಲ, ಮಾರುವಲ್ಲಿ. ನನ್ನ ಚಿಕ್ಕಪ್ಪನ ಮಗ ತನ್ನ ಗಾಡಿಯನ್ನು ಹಳೇ ಗಾಡಿ ಮಾರಿಸುವ ಒಂದು ಕನ್ಸಲ್ಟೆನ್ಸಿಗೆ ಕೊಟ್ಟು, ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ತಾರೀಕು ಹಾಕದೆ ಸಹಿ ಮಾಡಿ ಬಂದ. ಒಂದು ವರ್ಷದ ಮೇಲೆ ಅವನ ಮನೆಗೆ ಹೆಲ್ಮೆಟ್ ಇಲ್ಲದ್ದು, ಸಿಗ್ನಲ್ ಜಂಪ್ ಎಂದು ದಂಡದ ನೋಟೀಸು ಬರತೊಡಗಿದವು. ಗಾಡಿ ಯಾರ ಹತ್ತಿರ ಇದೆ ಎಂದು ಆ ಅಂಗಡಿಯವರಿಗೂ ಗೊತ್ತಿರಲಿಲ್ಲ. ದಂಡ ದೊಡ್ಡ ಮಾತಲ್ಲ. ಅಪಘಾತವಾದರೆ? ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಮಾರಿದ ಗಾಡಿಯ ಅಪಘಾತಕ್ಕೆ ಮಾರಿದವರು ಲಕ್ಷಗಟ್ಟಲೆ ಕಟ್ಟಬೇಕಾಗಬಹುದು.

ಹಾಗಾಗಿ ತಾರೀಕಿಲ್ಲದೆ ಸಹಿ ಮಾಡಬೇಡಿ. ಕೊಂಡವರ ಆಧಾರ್ ಪ್ರತಿ, ಫೋಟೋ, ಗಾಡಿ ಒಪ್ಪಿಸಿದ ದಿನ ಮತ್ತು ಗಂಟೆ ಬರೆದ ಡೆಲಿವರಿ ನೋಟ್ ಇಟ್ಟುಕೊಳ್ಳಿ. ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಡೀಲರಿಗೆ ಕೊಡುವುದಾದರೆ ಆರ್‌ಟಿಒ ಅಧಿಕಾರಪತ್ರ ಇರುವವರಿಗೇ ಕೊಡಿ. ಫಾರಂ 29ಸಿ ಮೂಲಕ ಗಾಡಿ ಒಪ್ಪಿಸಿದ್ದನ್ನು ಪೋರ್ಟಲ್‌ನಲ್ಲಿ ದಾಖಲಿಸಿದರೆ ಅಲ್ಲಿಂದ ಹೊಣೆ ಅವರದು. ಹೆಸರು ಬದಲಾಗುವ ತನಕ ಕೊಂಡವರ ಐದು ಸಾವಿರ ರೂಪಾಯಿಯನ್ನು ಮಾರಿದವರು ಹಿಡಿದಿಟ್ಟುಕೊಳ್ಳುವ ಪದ್ಧತಿ ಖಾಸಗಿ ವ್ಯಾಪಾರದಲ್ಲಿದೆ, ನಾನು ಹಾಗೇ ಮಾಡಿದೆ. ಕೊಂಡ ಹುಡುಗ ಮೂರೇ ವಾರದಲ್ಲಿ ಹೆಸರು ಬದಲಾಯಿಸಿ ಬಂದು ಹಣ ವಾಪಸು ತಗೊಂಡು ಹೋದ.

ನಿಮ್ಮ ಹಳೇ ಪಾಲಿಸಿಯ ನೋ ಕ್ಲೈಮ್ ಬೋನಸ್ ಗಾಡಿಯದ್ದಲ್ಲ, ನಿಮ್ಮದು. ಮಾರಿದ ಮೇಲೆ ಇನ್ಶೂರೆನ್ಸ್ ಕಂಪನಿಯಿಂದ ಎನ್‌ಸಿಬಿ ಪತ್ರ ಕೇಳಿ ಪಡೆದು ಹೊಸ ಗಾಡಿಯ ಪಾಲಿಸಿಗೆ ಹಾಕಿಸಿ. ಕೊಂಡ ಗಾಡಿಯ ಪಾಲಿಸಿಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಇಲ್ಲದಿದ್ದರೆ ನಿಮ್ಮ ಗಾಡಿಗೆ ಆದ ನಷ್ಟಕ್ಕೆ ಕ್ಲೈಮ್ ಸಿಗುವುದು ಕಷ್ಟ.

ಮೊದಲ ತಿಂಗಳು

ಸ್ಪೋರ್ಟ್ಸ್ ಬೈಕಿನ ರೂಢಿ ಬಿಡಿಸಿಕೊಳ್ಳಲು ಒಂದು ತಿಂಗಳು ಬೇಕು. ಘಾಟಿಯ ತಿರುವಿಗೆ ಹಳೇ ವೇಗದಲ್ಲಿ ನುಗ್ಗಬೇಡಿ. ಕ್ರೂಸರ್ ಅಷ್ಟು ವಾಲುವುದಿಲ್ಲ, ಫುಟ್‌ರೆಸ್ಟ್ ರಸ್ತೆಗೆ ತಾಗುತ್ತದೆ. ಚಾರ್ಮಾಡಿಯ ಒಂದು ತಿರುವಿನಲ್ಲಿ ಆ ಕರ್ರ್ ಶಬ್ದ ಕೇಳಿದ ಮೇಲೆ ನಾನು ತಿರುವಿಗೆ ಮುಂಚೆಯೇ ಬ್ರೇಕ್ ಮುಗಿಸುವುದನ್ನು ಕಲಿತೆ. ಸ್ಪೋರ್ಟ್ಸ್ ಬೈಕಿನಲ್ಲಿ ಮುಂದಿನ ಬ್ರೇಕೇ ಬಹುಪಾಲು ಕೆಲಸ ಮಾಡುತ್ತದೆ, ಕ್ರೂಸರಿನಲ್ಲಿ ಭಾರ ಹಿಂದಿರುವುದರಿಂದ ಹಿಂದಿನ ಬ್ರೇಕನ್ನೂ ಸರಿಯಾಗಿ ಒತ್ತಬೇಕು. ಖಾಲಿ ರಸ್ತೆಯಲ್ಲಿ 40, 50, 60ರಿಂದ ನಿಲ್ಲಿಸಿ ಅಭ್ಯಾಸ ಮಾಡಿ. ಹಳೇ ಜಾಕೆಟ್, ಗ್ಲೌಸ್ ಮಾರಬೇಡಿ, ಬಿದ್ದರೆ ಡಾಂಬರು ಎರಡೂ ಗಾಡಿಗೆ ಒಂದೇ.

ಹಿಂದಿನ ಶಾಕ್ ಅಬ್ಸಾರ್ಬರನ್ನು ಮರೆಯಬೇಡಿ. ಮೀಟಿಯೋರ್‌ನಲ್ಲಿ ಅದಕ್ಕೆ ಆರು ಹಂತಗಳಿವೆ, ಬದಲಿಸಬಹುದೆಂಬುದೇ ಬಹಳ ಜನರಿಗೆ ಗೊತ್ತಿಲ್ಲ. ಒಬ್ಬನೇ ಹೋಗುವಾಗ ಎರಡನೇ ಹಂತದಲ್ಲಿಡುತ್ತೇನೆ, ಗುಂಡಿಯ ಪೆಟ್ಟು ಮೊದಲಿನಷ್ಟು ಬಾಲಮೂಳೆಗೆ ಬರುವುದಿಲ್ಲ. ಅಮ್ಮನನ್ನು ಕೂರಿಸಿಕೊಳ್ಳುವ ದಿನ ಸ್ಪ್ಯಾನರ್ ತಗೊಂಡು ನಾಲ್ಕಕ್ಕೆ ಏರಿಸುತ್ತೇನೆ. ಎರಡೂ ಬದಿ ಒಂದೇ ಹಂತದಲ್ಲಿರಬೇಕು. ಐದು ನಿಮಿಷದ ಕೆಲಸ, ಅಷ್ಟರಲ್ಲಿ ಅಮ್ಮ ಚಪ್ಪಲಿ ಹಾಕಿಕೊಂಡು ಕೆಳಗೆ ಬಂದಿರುತ್ತಾರೆ.